ಷಡ್ಡಕನ ಹಾಸಿಗೆ

“ಬುದ್ಧೀ, ಕರಿಬಸಯ್ಯ ಮಾಡುವುದನ್ನೆಲ್ಲ ನಾನೂ ಮಾಡುತ್ತೇನೆ. ಅವನಿಗೆ ದಕ್ಕಿದ್ದು ನನಗೇಕೆ ದಕ್ಕುವುದಿಲ್ಲ?”

ಕೇಳಿದವನು ನಿರ್ವಾಣಯ್ಯ. ಅವನು ಮಠಕ್ಕೆ ಬಂದು ಏಳು ವರ್ಷವಾಗಿತ್ತು. ಕರಿಬಸಯ್ಯ ಬಂದು ಮೂರು ವರ್ಷ. ಹಿಂದೆ ಬಂದವನು ಮುಂದೆ ಹೋದ ಎಂಬ ಮಾತು ಮಠದಲ್ಲಿ ಹುಟ್ಟಿಕೊಂಡಿತ್ತು. ಗುರುಗಳ ಪಾದ ಮುಟ್ಟಿದ ಭಕ್ತರು ಕರಿಬಸಯ್ಯನ ಹತ್ತಿರವೂ ಹೋಗಿ ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು. ನಿರ್ವಾಣಯ್ಯನ ಹತ್ತಿರ ಬಂದವರು ಚಪ್ಪಲಿ ಎಲ್ಲಿ ಬಿಡಬೇಕು ಎಂದು ಕೇಳುತ್ತಿದ್ದರು.

“ಏನೇನು ಮಾಡ್ತೀಯ, ಹೇಳು,” ಎಂದರು ಗುರುಗಳು.

“ಅವನು ಏಳುವ ಹೊತ್ತಿಗೇ ಏಳುತ್ತೇನೆ. ಅವನು ಉಪ್ಪು ಬಿಟ್ಟ, ನಾನೂ ಬಿಟ್ಟೆ. ಅವನು ಒಂದೂಕಾಲು ತಾಸು ಕಣ್ಣು ಮುಚ್ಚಿ ಕೂರುತ್ತಾನೆ. ನಾನು ಒಂದೂವರೆ ತಾಸು ಕೂರುತ್ತೇನೆ.”

ಕರಿಬಸಯ್ಯ ಕಣ್ಣು ಮುಚ್ಚಿದ್ದ ಹೊತ್ತನ್ನು ಕಣ್ಣು ತೆರೆದು ನೋಡುತ್ತಿದ್ದವರು ಯಾರು ಎಂದು ಗುರುಗಳು ಕೇಳಬಹುದಿತ್ತು. ಅವರು ಮುಂಗೋಪಿ ಎಂದು ಹೆಸರಾದವರು. ಆದರೆ ಆ ದಿನ ಸಿಟ್ಟು ಬರಲಿಲ್ಲ. ಬಾ, ಕೂರು ಎಂದು ಕೈ ಮಾಡಿದರು. ನಿರ್ವಾಣಯ್ಯ ಕುಳಿತ. ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಅವನ ಹೆಸರು ಕೇಳಬೇಡ. ಹೆಸರು ಹೇಳಿದರೆ ಇದು ಯಾರದೋ ಕತೆ ಎಂದು ನೀನು ಆರಾಮಾಗಿ ಕೇಳುತ್ತೀಯ.

ಅದೇ ಊರಿನಲ್ಲಿ ಒಬ್ಬ ಬಳೆ ವ್ಯಾಪಾರಿ ಇದ್ದ. ಅಕ್ಕ ಹಾಲಮ್ಮನನ್ನು ಎಣ್ಣೆ ವ್ಯಾಪಾರಿಗೆ ಕೊಟ್ಟಿದ್ದರು, ತಂಗಿ ಕೊಟ್ರಮ್ಮನನ್ನು ಬಳೆ ವ್ಯಾಪಾರಿಗೆ. ಹಾಗಾಗಿ ಇಬ್ಬರೂ ಷಡ್ಡಕರು. ಷಡ್ಡಕರೆಂದರೆ ಒಂದೇ ತಕ್ಕಡಿಯ ಎರಡು ತಟ್ಟೆ. ಮಾವನ ಮನೆಯವರು ತೂಗದಿದ್ದರೂ ತಾವೇ ತೂಗಿಕೊಳ್ಳುತ್ತಾರೆ. ಇಲ್ಲಿ ಮಾತ್ರ ತೂಗುತ್ತಿದ್ದವನು ಒಬ್ಬನೇ. ಬಳೆ ವ್ಯಾಪಾರಿ ಸ್ಥೂಲ ದೇಹದವನು, ದೊಡ್ಡ ಬಾಯಿಯವನು, ಊಟ ನಿದ್ದೆ ಎರಡನ್ನೂ ಪ್ರೀತಿಸುವವನು. ತಾನು ಯಾರದೋ ತಕ್ಕಡಿಯಲ್ಲಿ ಕೂತಿದ್ದೇನೆ ಎಂಬುದೇ ಅವನಿಗೆ ತಿಳಿಯದು.

ಎಣ್ಣೆ ವ್ಯಾಪಾರಿಗೆ ಅವನನ್ನು ಕಂಡರೆ ಹೊಟ್ಟೆಯುರಿ. ಷಡ್ಡಕ ಮನೆಗೆ ಕೆಂಪು ನೆಲ ಹಾಕಿಸಿದರೆ ಇವನು ಕೆಂಪು ನೆಲ ಹಾಕಿಸಿ ಅಂಚಿಗೆ ಕಪ್ಪು ಪಟ್ಟಿ ಎಳೆಸಿದ. ಷಡ್ಡಕ ಬಾಗಿಲಿಗೆ ಹಿತ್ತಾಳೆ ಕೊಂಡಿ ಹಾಕಿಸಿದರೆ ಇವನು ಎರಡು ಹಾಕಿಸಿದ. ಎರಡನೆಯದನ್ನು ಎಳೆದರೆ ಬಾಗಿಲು ತೆರೆಯುತ್ತಿರಲಿಲ್ಲ, ಅದು ಬರೀ ತೋರಿಕೆಗೆ. ಬಂದವರೆಲ್ಲ ಅದನ್ನೇ ಎಳೆಯುತ್ತಿದ್ದರು.

ನಿರ್ವಾಣಯ್ಯ ನಕ್ಕ.

ನಗು, ಎಂದರು ಗುರುಗಳು. ಈಗಲೇ ನಕ್ಕುಬಿಡು.

ಹಾಲಮ್ಮನಿಗೆ ಸೊಂಟ ನೋವಿತ್ತು. ಮದುವೆಯಾಗಿ ಬಂದಾಗಿನಿಂದ ಎಣ್ಣೆ ಡಬ್ಬ ಎತ್ತಿಟ್ಟು ಇಳಿಸಿ ಬಂದ ನೋವು. ಅವಳು ಮಲಗುತ್ತಿದ್ದ ಹತ್ತಿ ಹಾಸಿಗೆ ನಡುವೆ ಕುಳಿ ಬಿದ್ದು ಎರಡು ಕಡೆ ಗಂಟು ಕಟ್ಟಿತ್ತು. ಬೆಳಿಗ್ಗೆ ಏಳುವಾಗ ಗೋಡೆ ಹಿಡಿದು ಏಳುತ್ತಿದ್ದಳು. ವೈದ್ಯರು ನೋಡಿದರು. ಔಷಧಕ್ಕಿಂತ ಮೊದಲು ಹಾಸಿಗೆ ಬದಲಿಸಿ ಎಂದರು. ಭುಜ ಮತ್ತು ಸೊಂಟ ಇಳಿಯುವಷ್ಟು ಇಳಿಯಬೇಕು, ಬೆನ್ನಿಗೆ ಆಸರೆ ಸಿಗಬೇಕು, ಅಂಥ ಹಾಸಿಗೆ ಬೇಕು ಎಂದರು. ಹೀಗೇ ಬಿಟ್ಟರೆ ಇನ್ನೊಂದು ವರ್ಷಕ್ಕೆ ಬಾಗಿಯೇ ನಡೆಯಬೇಕಾದೀತು ಎಂದೂ ಹೇಳಿದರು.

ಎಣ್ಣೆ ವ್ಯಾಪಾರಿ ಕೆಟ್ಟವನಲ್ಲ. ಹೂಂ, ತರೋಣ ಎಂದ. ಯುಗಾದಿ ಕಳೆಯಲಿ ಎಂದ. ಶ್ರಾವಣ ಬರಲಿ ಎಂದ. ಹೀಗೆ ಎಂಟು ತಿಂಗಳು ಹೋಯಿತು. ಹೆಂಡತಿಯ ನೋವು ಅವನಿಗೆ ಗೊತ್ತಿತ್ತು. ಗೊತ್ತಿರುವುದೇ ಬೇರೆ, ಅದು ನಿದ್ದೆ ಕೆಡಿಸುವುದೇ ಬೇರೆ.

ಅಷ್ಟರಲ್ಲಿ ಕೊಟ್ರಮ್ಮನ ಮೊಮ್ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ ಬಂತು. ಗಂಡ ಹೆಂಡತಿ ಇಬ್ಬರೂ ಹೋದರು. ಊಟವಾದ ಮೇಲೆ ಬಳೆ ವ್ಯಾಪಾರಿ ಷಡ್ಡಕನ ಕೈ ಹಿಡಿದು ಒಳಗೆ ಕರೆದೊಯ್ದ.

“ಅಣ್ಣಾರೆ, ಇದರ ಮೇಲೆ ಒಂದು ಸಲ ಮಲಗಿ ನೋಡ್ರಿ. ರಬ್ಬರ್ ಮರದ ಹಾಲಿಂದ ಮಾಡಿದ್ದಂತೆ. ಲೇಟೆಕ್ಸ್ ಅಂತಾರೆ. ಮೂರು ಪದರ ಐತಿ.”

ಹೇಳಿ ಸುಮ್ಮನಾಗುವ ಜಾತಿಯವನಲ್ಲ ಅವನು. ಹೊದಿಕೆಯ ಜಿಪ್ ಎಳೆದು ತನ್ನ ಕಡೆಯ ಮೂಲೆಯನ್ನು ಬಿಚ್ಚಿ ತೋರಿಸಿದ. ಅಡಿಯಲ್ಲಿ ಗಟ್ಟಿ ಪದರ, ನಡುವೆ ಹದದ್ದು, ಮೇಲೆ ಮತ್ತೆ ಗಟ್ಟಿ. ನನ್ನ ಮೈ ಭಾರಕ್ಕೆ ಹೀಗೆ ಮಾಡಿಕೊಟ್ಟಿದ್ದಾರೆ, ಕೊಟ್ರಮ್ಮನ ಕಡೆ ಬೇರೆ ಥರ ಇದೆ ಎಂದೂ ಹೇಳಿದ. ಎಣ್ಣೆ ವ್ಯಾಪಾರಿ ಆ ಮಾತನ್ನು ಕೇಳಿಸಿಕೊಳ್ಳಲಿಲ್ಲ. ಅವನು ಪದರ ಎಣಿಸುತ್ತಿದ್ದ. ಬಳೆ ವ್ಯಾಪಾರಿಯ ಕಡೆಯಲ್ಲಿ ಮಲಗಿ ನೋಡಿದ. ಹಿತವಾಯಿತು. ಹಿತವಾಯಿತಲ್ಲ ಎಂದು ಸಂಕಟವಾಯಿತು.

ಅವನು ಎದ್ದು ಪಡಸಾಲೆಗೆ ಹೋದ ಮೇಲೆ ಕೊಟ್ರಮ್ಮ ಅಕ್ಕನನ್ನು ತನ್ನ ಕಡೆ ಮಲಗಿಸಿದಳು. ಹಾಲಮ್ಮ ಒಂದು ಮಗ್ಗುಲಾಗಿ ಮಲಗಿದಳು, ಎರಡು ಮಾತು ಆಡಿದಳು, ಮೂರನೆಯದು ಬಾಯಲ್ಲೇ ಉಳಿಯಿತು. ತಂಗಿ ಬಾಗಿಲು ಮುಂದೆ ಮಾಡಿ ಹೊರಗೆ ಬಂದಳು. ಮಗುವಿನ ಹೆಸರು ಕರೆಯುವಾಗಲೂ ಹಾಲಮ್ಮ ಏಳಲಿಲ್ಲ. ಎಬ್ಬಿಸಬೇಡಿ, ಎಷ್ಟು ದಿನವಾಯಿತೋ ನಿದ್ದೆ ಮಾಡಿ ಎಂದು ಕೊಟ್ರಮ್ಮ ಎಲ್ಲರ ಎದುರು ಹೇಳಿದಳು.

ಎಂಟು ತಿಂಗಳ ನೋವು ಮಾಡದ ಕೆಲಸವನ್ನು ಆ ಒಂದು ಮಾತು ಮಾಡಿತು. ಎಣ್ಣೆ ವ್ಯಾಪಾರಿಗೆ ಮೈಯೆಲ್ಲ ಉರಿ ಹತ್ತಿತು. ನನ್ನ ಹೆಂಡತಿಗೆ ನನ್ನ ಮನೆಯಲ್ಲಿ ಬಾರದ ನಿದ್ದೆ ಇವನ ಮನೆಯಲ್ಲಿ ಬಂತು ಎಂದುಕೊಂಡ. ಅವಳಿಗೆ ನಿದ್ದೆ ಬಂತಲ್ಲ ಎಂದುಕೊಳ್ಳಲಿಲ್ಲ. ಎರಡೂ ಒಂದೇ ಸಂಗತಿ, ನಿರ್ವಾಣಯ್ಯ. ಒಂದು ಕಡೆಯಿಂದ ನೋಡಿದರೆ ಸಂತೋಷ, ಇನ್ನೊಂದು ಕಡೆಯಿಂದ ನೋಡಿದರೆ ಕಿಚ್ಚು. ಅವನು ಕಿಚ್ಚಿನ ಕಡೆ ಕೂತಿದ್ದ.

ಮರುದಿನ ಅಂಗಡಿ ಬಾಗಿಲು ತೆರೆಯುವ ಮೊದಲೇ ಹಾಸಿಗೆ ಅಂಗಡಿಯ ಮುಂದೆ ನಿಂತಿದ್ದ.

ಹಾಸಿಗೆ ಅಂಗಡಿಯವನು ಹಳೇ ಕಾಲದ ಮನುಷ್ಯ. ಅವನ ತಂದೆ ಮನೆ ಮನೆಗೆ ಹೋಗಿ ಹತ್ತಿ ಹಿಂಜಿ ಹಾಸಿಗೆ ಹೊಲಿಯುತ್ತಿದ್ದವನು. ಗಿರಾಕಿಯ ಮೈ ನೋಡದೆ ಹಾಸಿಗೆ ಕೊಡಬಾರದು ಎಂಬುದು ಆ ಮನೆಯ ಪಾಠ. ಅವನು ಕೇಳಿದ.

“ಯಾರು ಮಲಗೋದು ಸಾವ್ಕಾರ್ರೆ?”

“ನಾನು, ನನ್ನ ಮನೆಯವಳು.”

“ಅಮ್ಮಾರು ಹೆಂಗ್ ಮಲಗ್ತಾರೆ? ಮಗ್ಗುಲಾಗೋ, ಅಂಗಾತನೋ?”

ಎಣ್ಣೆ ವ್ಯಾಪಾರಿಗೆ ಉತ್ತರ ತಿಳಿಯಲಿಲ್ಲ. ಮೂವತ್ತು ವರ್ಷ ಒಂದೇ ಕೋಣೆಯಲ್ಲಿ ಮಲಗಿದವನು. ಅವಳು ಹೇಗೆ ಮಲಗುತ್ತಾಳೆ ಎಂದು ಒಮ್ಮೆಯೂ ನೋಡಿರಲಿಲ್ಲ. ಷಡ್ಡಕನ ಹಾಸಿಗೆಯ ಉದ್ದ, ಅಗಲ, ದಪ್ಪ, ಹೊದಿಕೆಯ ಬಣ್ಣ, ಜಿಪ್ ಯಾವ ಕಡೆ ಇದೆ ಎಂಬುದು ಮಾತ್ರ ಬಾಯಿಪಾಠವಾಗಿತ್ತು. ಒಂದೇ ಉಸಿರಿಗೆ ಹೇಳಿದ. ಅದೇ ಬೇಕು ಎಂದ. ಅದಕ್ಕಿಂತ ಒಂದು ಪದರ ಜಾಸ್ತಿ ಇರಲಿ ಎಂದ.

ಅಂಗಡಿಯವನು ತಿಳಿಸಿ ಹೇಳಿದ. ಅವರದು ಅರ್ಧ ಅರ್ಧ ಬೇರೆ ಬೇರೆ ಜೋಡಿಸಿದ್ದು. ಬಳೆ ಸಾಹುಕಾರರದು ಭಾರದ ಮೈ, ಅದಕ್ಕೆ ಮೇಲೂ ಗಟ್ಟಿ ಪದರ. ಅವರ ಮನೆಯವರು ಮಗ್ಗುಲಾಗಿ ಮಲಗುವವರು, ಅವರ ಕಡೆ ಮೇಲೆ ಮೆತ್ತನೆಯದು. ನಿಮ್ಮ ಮನೆಯವರಿಗೆ ಸೊಂಟ ನೋವಿದ್ದರೆ ಅವರನ್ನೇ ಕರೆತನ್ನಿ, ಮಲಗಿಸಿ ನೋಡಿ ಪದರ ಜೋಡಿಸೋಣ.

“ನಾನು ಮಲಗಿ ನೋಡೀನಿ. ಗಟ್ಟೀನೇ ಚೆನ್ನಾಗೈತಿ. ಎರಡೂ ಕಡೆ ಅದೇ ಹಾಕು,” ಎಂದ ಎಣ್ಣೆ ವ್ಯಾಪಾರಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ಇವನು ಷಡ್ಡಕನ ಕಾಲು ಇದ್ದಷ್ಟು ಹಾಸಿಗೆ ಮಾಡಿಸಿದ.

ಅಂಗಡಿಯವನು ಕೊನೆಗೆ ಒಂದು ಮಾತು ಕೇಳಿದ. ಯಾವ ಮಂಚದ ಮೇಲೆ ಹಾಕುತ್ತೀರಿ? ಈ ಹಾಸಿಗೆ ಭಾರ. ಕೆಳಗೆ ಮರದ ಪಟ್ಟಿಗಳಿರಬೇಕು. ಪಟ್ಟಿಗೂ ಪಟ್ಟಿಗೂ ನಡುವೆ ಎರಡು ಬೆರಳಷ್ಟೇ ಸಂದು ಇರಬೇಕು. ಹೆಚ್ಚಾದರೆ ಹಾಸಿಗೆ ಜೋಲುತ್ತದೆ, ಸಂದೇ ಇಲ್ಲದಿದ್ದರೆ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ. ಮಂಚದ ನಡುವೆ ಒಂದು ಕಾಲು ಇದ್ದರೆ ಇನ್ನೂ ಒಳ್ಳೆಯದು.

“ನಮ್ಮ ಮನೆ ಮಂಚ ನೀನು ನೋಡಿಲ್ಲ,” ಎಂದು ಎಣ್ಣೆ ವ್ಯಾಪಾರಿ ನಕ್ಕು ಹೊರಟ.

ಅವನ ಮನೆಯಲ್ಲಿ ಅಜ್ಜನ ಕಾಲದ ಮಂಚವಿತ್ತು. ಬೀಟೆ ಮರದ್ದು. ತಲೆಯ ಕಡೆ ನವಿಲು ಕೆತ್ತಿದ್ದರು. ಕಾಲುಗಳು ಸೊಂಟದೆತ್ತರ. ನಡುವೆ ಮಾತ್ರ ಹಲಗೆಯಿಲ್ಲ, ಪಟ್ಟಿಯಿಲ್ಲ, ಬರೀ ನವಾರು. ದಪ್ಪ ಹತ್ತಿಯ ಆ ಪಟ್ಟೆಯನ್ನು ಹೆಣೆದು ಇಪ್ಪತ್ತು ವರ್ಷವಾಗಿತ್ತು. ಷಡ್ಡಕನ ಮನೆಯಲ್ಲಿ ಇಲ್ಲದ್ದು ಅವನ ಮನೆಯಲ್ಲಿ ಇದ್ದದ್ದು ಅದೊಂದೇ. ಬಳೆ ವ್ಯಾಪಾರಿಯ ಮಂಚ ಯಾವ ಮರದ್ದು, ಹೇಗಿದೆ ಎಂದು ಅವನು ಬಗ್ಗಿ ನೋಡಿರಲಿಲ್ಲ. ಹೊಟ್ಟೆಕಿಚ್ಚಿನ ಕಣ್ಣು ಮೇಲಿರುವುದನ್ನು ನೋಡುತ್ತದೆ. ಕೆಳಗೆ ಏನು ಹೊತ್ತುಕೊಂಡಿದೆ ಎಂದು ನೋಡಲು ಬಗ್ಗಬೇಕು, ಅದಕ್ಕೆ ಬಗ್ಗಲು ಬಾರದು.

ಹಾಸಿಗೆ ಬಂತು. ನಾಲ್ವರು ಹೊತ್ತು ತಂದರು. ನವಾರಿನ ಮೇಲೆ ಹಾಕಿದಾಗ ಅದು ನಡುವೆ ಇಳಿಯಿತು. ಇಬ್ಬರೂ ಮಲಗಿದಾಗ ಇನ್ನಷ್ಟು ಇಳಿಯಿತು. ಹಾಲಮ್ಮ ಅತ್ತ ಹೊರಳಿದರೂ ಇತ್ತ ಬರುತ್ತಿದ್ದಳು. ಮೇಲೆ ಗಟ್ಟಿ, ಕೆಳಗೆ ಕುಳಿ. ಮೊದಲು ಗೋಡೆ ಹಿಡಿದು ಏಳುತ್ತಿದ್ದವಳು ಈಗ ಗೋಡೆ ಹಿಡಿದು ನಡೆಯತೊಡಗಿದಳು. ಗಂಡ ಮಾತ್ರ ಬಂದವರಿಗೆಲ್ಲ ನಾಲ್ಕು ಪದರ ನಾಲ್ಕು ಪದರ ಎಂದು ಹೇಳುತ್ತಿದ್ದ.

ಹೇಳಿದರೆ ಸಾಲದು, ಷಡ್ಡಕ ನೋಡಬೇಕು. ಊಟಕ್ಕೆ ಕರೆದ. ಹೋಳಿಗೆ ಮಾಡಿಸಿದ. ಸೊಂಟ ಹಿಡಿದುಕೊಂಡು ಹಾಲಮ್ಮ ಹೂರಣ ರುಬ್ಬಿದಳು. ಊಟದ ಮೇಲೆ ಬಳೆ ವ್ಯಾಪಾರಿ ಹಾಸಿಗೆಯ ಮೇಲೆ ಮಲಗಿದ. ನವಾರು ಕಿರ್ ಎಂದಿತು. ಅವನಿಗೆ ಒಳಗೊಂದು ಹೊರಗೊಂದು ಇಲ್ಲ.

“ಅಣ್ಣಾರೆ, ಹಾಸಿಗೆ ಚಲೋ ಐತಿ. ಆದರೆ ಇದು ನಮ್ಮ ಮೊಮ್ಮಗನ ತೊಟ್ಟಿಲು ಆಗೈತಲ್ರಿ,” ಎಂದು ನಕ್ಕ.

ಎಣ್ಣೆ ವ್ಯಾಪಾರಿಯೂ ನಕ್ಕ. ಅವರು ಅತ್ತ ಹೋದ ಕೂಡಲೇ ಇತ್ತ ಹಾಸಿಗೆ ಅಂಗಡಿಗೆ ಓಡಿದ. ನನ್ನ ಷಡ್ಡಕನಿಗೆ ಒಳ್ಳೇ ಮಾಲು ಕೊಟ್ಟೆ, ನನಗೆ ಮಿಕ್ಕಿದ್ದು ಕೊಟ್ಟೆ ಎಂದು ಬೀದಿಗೆ ಕೇಳುವಂತೆ ಕೂಗಿದ. ಅಂಗಡಿಯವನು ಅವನ ಹಿಂದೆಯೇ ಮನೆಗೆ ಬಂದ. ಹಾಸಿಗೆ ಮುಟ್ಟಲಿಲ್ಲ. ನೆಲಕ್ಕೆ ಮೊಣಕಾಲೂರಿ ಮಂಚದ ಕೆಳಗೆ ನೋಡಿದ.

“ಹಾಸಿಗೆಗೆ ಏನೂ ಆಗಿಲ್ಲ ಸಾವ್ಕಾರ್ರೆ. ಇಲ್ಲಿ ನೋಡ್ರಿ, ಜೋತು ಬಿದ್ದೈತಿ. ಪಟ್ಟಿ ಮಂಚ ಮಾಡಿಸ್ರಿ. ಬಳೆ ಸಾವ್ಕಾರ್ರದು ಸಾದಾ ಜಾಲಿ ಕಟ್ಟಿಗೇದು. ಬಡಿಗೇರ ಒಂದೇ ದಿನದಾಗೆ ಮಾಡ್ಕೊಟ್ಟ.”

ಜಾಲಿ ಎಂಬ ಮಾತು ಕೇಳಿ ಎಣ್ಣೆ ವ್ಯಾಪಾರಿಗೆ ಮುಖ ಕೆಂಪಾಯಿತು. ಷಡ್ಡಕನದು ಜಾಲಿ, ನನ್ನದೂ ಜಾಲಿಯೇ? ನವಿಲಿನ ಮಂಚ ತೆಗೆದರೆ ನನ್ನ ಹತ್ತಿರ ಇನ್ನೇನು ಉಳಿಯಿತು? ಜಾಲಿ ಕಟ್ಟಿಗೆ ಒಲೆಗೆ ಹಾಕುವುದು, ನನ್ನ ಮನೆಯಲ್ಲಿ ಮಂಚಕ್ಕೆ ಹಾಕುವುದಿಲ್ಲ ಎಂದುಬಿಟ್ಟ. ಅದರ ಮೇಲೆ ಇನ್ನೊಂದು ಅಪ್ಪಣೆ ಹೊರಡಿಸಿದ. ತಂಗಿಯ ಮನೆಗೆ ಹೋದಾಗಲೆಲ್ಲ ಹಾಲಮ್ಮ ಮಧ್ಯಾಹ್ನ ಅಲ್ಲಿ ಒಂದು ನಿದ್ದೆ ಮಾಡಿ ಬರುತ್ತಿದ್ದಳು. ಇನ್ನು ಮೇಲೆ ಆ ಮನೆಯಲ್ಲಿ ತಲೆ ಊರಬಾರದು ಎಂದ.

ಹಾಲಮ್ಮ ಜಗಳವಾಡಲಿಲ್ಲ. ಹೊರಟಿದ್ದ ಅಂಗಡಿಯವನನ್ನು ಹೊಸ್ತಿಲಲ್ಲಿ ನಿಲ್ಲಿಸಿದಳು.

“ಅಣ್ಣ, ಪದರ ಬಿಚ್ಚಿದರೆ ಹಾಳಾಗ್ತಾವಾ?”

“ಬಿಚ್ಚೋಕೇ ಜಿಪ್ ಇಟ್ಟಿರೋದು ತಾಯಿ. ನೀವು ಹೆಂಗ್ ಮಲಗ್ತೀರಿ?”

“ಎಡ ಮಗ್ಗುಲಿಗೆ.”

ಆ ಮನೆಯಲ್ಲಿ ಆ ಪ್ರಶ್ನೆಯನ್ನು ಅವಳಿಗೆ ಕೇಳಿದವನು ಅವನೊಬ್ಬನೇ. ಅವಳ ಕಡೆಯ ನಾಲ್ಕು ಪದರ ಬಿಚ್ಚಿಸಿದಳು. ಒಂದನ್ನು ಮಂಚದ ಮೇಲೇ ಬಿಟ್ಟಳು, ಒಂದನ್ನು ಅಂಗಡಿಯವನಿಗೆ ಕೊಟ್ಟು ಮೆತ್ತನೆಯದನ್ನು ತೆಗೆದುಕೊಂಡಳು. ಅಡಿಗೆ ಗಟ್ಟಿ, ನಡುವೆ ಹದ, ಮೇಲೆ ಮೆತ್ತಗೆ. ಹಿತ್ತಲ ಕಡೆಯ ದಾಸ್ತಾನು ಕೋಣೆಯಲ್ಲಿ ಎರಡು ಮರದ ತೊಲೆಗಳಿದ್ದವು. ಎಣ್ಣೆ ಡ್ರಮ್ಮಿನ ತಳಕ್ಕೆ ನೆಲದ ತೇವ ತಾಗಬಾರದು, ಕೆಳಗೆ ಗಾಳಿಯಾಡಬೇಕು ಎಂದು ಗಂಡನೇ ಇಡಿಸಿದ ತೊಲೆಗಳು. ಎಣ್ಣೆಗೆ ಕೆಳಗೊಂದು ಆಸರೆ ಬೇಕು ಎಂಬುದು ಅವನಿಗೆ ಗೊತ್ತಿತ್ತು. ಡಬ್ಬ ಬರುವ ಮರದ ಪೆಟ್ಟಿಗೆಗಳನ್ನು ಒಡೆದು, ಪಟ್ಟಿಗಳನ್ನು ಎರಡೆರಡು ಬೆರಳು ಬಿಟ್ಟು ತೊಲೆಗಳ ಮೇಲೆ ತಾನೇ ಮೊಳೆ ಹೊಡೆದಳು. ಮೇಲೆ ಮೂರು ಪದರ ಹಾಸಿದಳು. ಎಣ್ಣೆ ಡಬ್ಬಗಳ ನಡುವೆ ಮಲಗಿದಳು.

ಗಂಡ ತಡೆಯಲಿಲ್ಲ. ಎರಡು ದಿನಕ್ಕೆ ಜಿಡ್ಡಿನ ವಾಸನೆ ತಾಳದೆ ತಾನೇ ಬರುತ್ತಾಳೆ ಎಂದುಕೊಂಡ. ಅವಳು ಬರಲಿಲ್ಲ. ಹದಿನೈದು ದಿನಕ್ಕೆ ಗೋಡೆ ಬಿಟ್ಟು ನಡೆದಳು. ತಿಂಗಳಿಗೆ ನೀರಿನ ಕೊಡ ಎತ್ತಿದಳು. ಒಂದು ದಿನ ಅಡುಗೆಮನೆಯಲ್ಲಿ ಏನೋ ಗುನುಗುತ್ತಿದ್ದಳು. ಅವಳ ದನಿ ಹಾಗಿತ್ತು ಎಂಬುದೇ ಗಂಡನಿಗೆ ಮರೆತುಹೋಗಿತ್ತು.

ಒಂದು ಮಧ್ಯಾಹ್ನ ಅವನು ಯಾವುದೋ ಡಬ್ಬಕ್ಕೆಂದು ದಾಸ್ತಾನು ಕೋಣೆಗೆ ಹೋದ. ಹಾಲಮ್ಮ ಮಲಗಿದ್ದಳು. ಎಡ ಮಗ್ಗುಲಿಗೆ, ಕೆನ್ನೆಯ ಕೆಳಗೆ ಕೈ ಇಟ್ಟುಕೊಂಡು. ಮೂವತ್ತು ವರ್ಷಕ್ಕೆ ಮೊದಲ ಸಲ ಅವಳು ನಿದ್ದೆ ಮಾಡುವುದನ್ನು ಅವನು ನಿಂತು ನೋಡಿದ. ಅವನ ಮುಖ ಸಡಿಲವಾಯಿತು. ಹಾಗೇ ಬಾಗಿಲು ಮುಂದೆ ಮಾಡಿಕೊಂಡು ಹೊರಟಿದ್ದರೆ ಈ ಕತೆಯನ್ನು ನಾನು ನಿನಗೆ ಹೇಳುತ್ತಿರಲಿಲ್ಲ.

ಅವನು ಹೊರಡಲಿಲ್ಲ. ಮುರುಕು ಪೆಟ್ಟಿಗೆಯ ಮೇಲೆ ಇವಳಿಗೆ ಇಂಥ ನಿದ್ದೆ, ನವಿಲಿನ ಮಂಚದ ಮೇಲೆ ನನಗಿಲ್ಲ ಎಂದು ಅನ್ನಿಸಿತು. ಹೊಟ್ಟೆಯಲ್ಲಿ ಹಳೆಯ ಉರಿ ಎದ್ದಿತು. ಅಲ್ಲಿಯವರೆಗೆ ಷಡ್ಡಕನ ಮೇಲಿದ್ದದ್ದು ಹೆಂಡತಿಯ ಮೇಲೆ ಬಂತು. ಅದು ಹಾಗೆಯೇ. ಅದಕ್ಕೆ ಇಂಥವರೇ ಆಗಬೇಕೆಂದಿಲ್ಲ, ಎದುರಿಗೆ ನೆಮ್ಮದಿಯಾಗಿ ಒಬ್ಬರು ಇದ್ದರೆ ಸಾಕು.

ಅವಳನ್ನು ಎಬ್ಬಿಸಿದ. ಒಳ್ಳೇ ಪದರ ನೀನು ಎತ್ತಿಕೊಂಡೆ, ಸೊಟ್ಟದ್ದು ನನಗೆ ಬಿಟ್ಟೆ ಎಂದ. ಹಾಲಮ್ಮ ಕಣ್ಣುಜ್ಜಿಕೊಂಡು ಎದ್ದಳು. ಬೇಕಾದರೆ ಇಲ್ಲೇ ಮಲಗಿ ಎಂದಳು. ಅವನು ಮಲಗಿದ. ಅವನ ಮೈಗೆ ಅದು ಮೆತ್ತಗಾಯಿತು. ಮುಳುಗಿದಂತಾಯಿತು, ನಿದ್ದೆ ಬರಲಿಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಇದರಲ್ಲಿ ಏನೋ ಇದೆ, ಅದರಲ್ಲಿ ಏನೋ ಇದೆ, ಎಲ್ಲವೂ ಸೇರಿದರೆ ಷಡ್ಡಕನ ಅಪ್ಪನಿಗೂ ಸಿಗದ ಹಾಸಿಗೆಯಾಗುತ್ತದೆ ಎಂದುಕೊಂಡ.

ಅಂಗಡಿಯ ಆಳುಗಳನ್ನು ಕರೆದ. ಅವಳ ಮೂರು ಪದರಗಳನ್ನು ನವಿಲಿನ ಮಂಚಕ್ಕೆ ಹೊರಿಸಿದ. ಇದ್ದ ಪದರಗಳನ್ನೆಲ್ಲ ನಡುಮಧ್ಯಕ್ಕೆ ಎಳೆದು ಒಂದರ ಮೇಲೊಂದು ಪೇರಿಸಿದ. ಕೊನೆಯದನ್ನು ಹಾಕಲು ಆಳು ಮಣೆ ಹತ್ತಿ ನಿಲ್ಲಬೇಕಾಯಿತು. ಆಳುಗಳು ಹೋದರು.

“ಹತ್ತು,” ಎಂದ ಹೆಂಡತಿಗೆ.

“ನವಾರು ತಡಿಯಂಗಿಲ್ಲ ಕಣ್ರಿ,” ಎಂದಳು ಹಾಲಮ್ಮ. “ನನ್ನ ಸೊಂಟ ಈಗ ಒಂಚೂರು ಸರಿಹೋಗೈತಿ. ನನ್ನ ಪಾಡಿಗೆ ನನ್ನ ಬಿಟ್ಟುಬಿಡ್ರಿ.”

“ನಿನ್ನ ತಂಗಿ ಮನೇಲಿ ಮೂರು. ಇಲ್ಲಿ ಎಂಟಕ್ಕೆ ಎಂಟೂ ಅದಾವೆ. ಹತ್ತು ಅಂದ್ನಲ್ಲ.”

ಅವಳು ಹತ್ತಿದಳು. ಆ ಮನೆಯಲ್ಲಿ ಅವಳು ಹತ್ತದೆ ಉಳಿದದ್ದು ಯಾವುದಿತ್ತು? ಅವಳು ಮಲಗಿದ ಮೇಲೆ ಅವನೂ ಹತ್ತಿ ಕೂತ. ಹೇಗಿದೆ ಎಂದು ಕೇಳಬೇಕೆಂದು ಬಾಯಿ ತೆರೆದ.

ನವಾರು ಹರಿಯಿತು. ಪದರಗಳು ಒಂದು ಕಡೆ ಜಾರಿದವು, ಅವುಗಳ ಮೇಲೆ ಅವನು ಮೆತ್ತಗೆ ಬಿದ್ದ. ಹಾಲಮ್ಮ ಇನ್ನೊಂದು ಕಡೆ ಬಿದ್ದಳು. ಬೀಟೆ ಮರದ ಚೌಕಟ್ಟಿಗೆ ಬಡಿದು ಅಲ್ಲಿಂದ ನೆಲಕ್ಕೆ. ಬಡಿದದ್ದು ಸೊಂಟವೇ. ಅವಳು ಕೂಗಲಿಲ್ಲ. ಒಂದು ಸಲ ಉಸಿರೆಳೆದುಕೊಂಡ ಸದ್ದು ಕೇಳಿತು, ಅಷ್ಟೇ.

ಎಣ್ಣೆ ವ್ಯಾಪಾರಿ ಎದ್ದು ನಿಂತ. ಹರಿದ ನವಾರು ನೋಡಿದ. ಚೆಲ್ಲಾಪಿಲ್ಲಿಯಾದ ಪದರ ನೋಡಿದ. ಬೀದಿ ಕಡೆಯ ಕಿಟಕಿಯ ಹತ್ತಿರ ಹೋಗಿ, ಯಾರಾದರೂ ಕೇಳಿಸಿಕೊಂಡರೇ ಎಂದು ಇಣುಕಿದ. ಆಮೇಲೆ ಹೆಂಡತಿಯ ಹತ್ತಿರ ಬಂದು ಬಗ್ಗಿದ. ಅವಳ ಕಿವಿಯ ಹತ್ತಿರ ಮೆಲ್ಲಗೆ ಹೇಳಿದ.

“ಇದು ನಿನ್ನ ತಂಗಿ ಮನೆಗೆ ತಿಳೀಬಾರದು.”

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ನಿರ್ವಾಣಯ್ಯ ಕಾದ. ಗುರುಗಳು ಮುಂದುವರಿಸುವ ಲಕ್ಷಣ ಕಾಣಲಿಲ್ಲ. ಕತೆಯ ಎಣ್ಣೆ ವ್ಯಾಪಾರಿ ಯಾರು ಎಂಬುದು ಅವನಿಗೆ ಅರ್ಥವಾಗಿತ್ತು. ನಾಚಿಕೆಯೂ ಆಗಿತ್ತು. ಆದರೆ ಕತೆ ಅರ್ಧಕ್ಕೆ ನಿಂತಿದ್ದು ಅವನಿಗೆ ತಡೆಯಲಾಗಲಿಲ್ಲ.

“ಆಮೇಲೆ ಅವನು ಏನು ಮಾಡಿದ ಬುದ್ಧೀ? ಪಟ್ಟಿ ಮಂಚ ಮಾಡಿಸಿದನೇ? ಕೊನೆಗಾದರೂ ಅವನಿಗೆ ಷಡ್ಡಕನ ಹಾಗೆ ನಿದ್ದೆ ಬಂತೇ?”

ಗುರುಗಳು ಅವನ ಮುಖವನ್ನೇ ನೋಡಿದರು.

“ಹಾಲಮ್ಮ ಎದ್ದಳೇ ಎಂದು ನೀನೂ ಕೇಳಲಿಲ್ಲ.”